ಆಗುಂಬೆಯ ತಿರುವುಗಳಲ್ಲಿ ಹೊಟ್ಟೆ ತೊಳಸುವುದೇಕೆ?

ತೀರ್ಥಹಳ್ಳಿಯಲ್ಲಿ ತುಂಗೆಯನ್ನು ದಾಟಿ ಪಶ್ಚಿಮಕ್ಕೆ ಹೊರಟರೆ ರಸ್ತೆಯ ಎರಡೂ ಬದಿಗೆ ಅಡಿಕೆ ತೋಟ, ಗದ್ದೆಯ ಬಯಲು, ಮತ್ತೆ ಕಾಡು. ಮೂವತ್ತು ಕಿಲೋಮೀಟರಿನಷ್ಟು ಸಾಗಿದ ಮೇಲೆ ಸಿಗುವುದೇ ಆಗುಂಬೆ. ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಈ ಪುಟ್ಟ ಊರು ಹೆಸರು ಮಾಡಿದ್ದು ಮಳೆಯಿಂದ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಇದಕ್ಕೆ 'ದಕ್ಷಿಣದ ಚಿರಾಪುಂಜಿ' ಎಂಬ ಬಿರುದೇ ಇದೆ. 1980ರ ದಶಕದಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಇಲ್ಲಿ ಚಿತ್ರೀಕರಿಸಿದ ಮೇಲೆ ಇಲ್ಲಿನ ದೊಡ್ಡಮನೆಯ ಜಗಲಿ ನಾಡಿನವರಿಗೆಲ್ಲ ಪರಿಚಯವಾಯಿತು. ಸುತ್ತಲಿನ ಕಾಡು ಕಾಳಿಂಗ ಸರ್ಪಗಳ ನೆಲೆ. ಅವುಗಳ ಅಧ್ಯಯನಕ್ಕೆಂದೇ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲೊಂದು ಸಂಶೋಧನಾ ಕೇಂದ್ರ ಆರಂಭಿಸಿದರು.

ಡಿಸೆಂಬರ್ ಬಂತೆಂದರೆ ಆಗುಂಬೆಗೆ ಶಾಲಾ ಮಕ್ಕಳ ದಂಡು. ದಾವಣಗೆರೆ, ಚಿತ್ರದುರ್ಗ, ಹಾವೇರಿಯ ಬಯಲು ಸೀಮೆಯಿಂದ ಹೊರಟ ಪ್ರವಾಸದ ಬಸ್ಸುಗಳು ಸಕ್ರೆಬೈಲಿನ ಆನೆ ಶಿಬಿರ, ಮಂಡಗದ್ದೆಯ ಪಕ್ಷಿಧಾಮ, ಕುಪ್ಪಳಿಯ ಕವಿಮನೆಗಳನ್ನು ಮುಗಿಸಿಕೊಂಡು ಇಲ್ಲಿಗೆ ಬರುತ್ತವೆ. ಆಕಾಶ ತಿಳಿಯಾಗಿದ್ದ ಸಂಜೆ, ಘಾಟಿಯ ಅಂಚಿನ ಕಟ್ಟೆಯ ಮೇಲೆ ನಿಂತರೆ ದೂರದಲ್ಲಿ ಅರಬ್ಬೀ ಸಮುದ್ರದೊಳಕ್ಕೆ ಸೂರ್ಯ ಇಳಿಯುವುದನ್ನು ನೋಡಬಹುದು. ಹಾಡು, ಅಂತ್ಯಾಕ್ಷರಿ, ಗಲಾಟೆ ಎಲ್ಲ ಅಲ್ಲಿಯವರೆಗೆ ಮಾತ್ರ. ಅಲ್ಲಿಂದ ಕೆಳಗೆ ಸೋಮೇಶ್ವರದವರೆಗಿನ ಹತ್ತು-ಹನ್ನೆರಡು ಕಿಲೋಮೀಟರಿನಲ್ಲಿ ರಸ್ತೆ ಐನೂರು ಮೀಟರಿಗೂ ಹೆಚ್ಚು ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಮೂರನೆಯದೋ ನಾಲ್ಕನೆಯದೋ ತಿರುವು ಕಳೆಯುವಷ್ಟರಲ್ಲಿ ಬಸ್ಸಿನ ಸದ್ದಡಗುತ್ತದೆ. ಹಿಂದಿನ ಸೀಟಿನಿಂದ ಕ್ಷೀಣವಾದ ದನಿಯೊಂದು ಕೇಳುತ್ತದೆ: "ಸಾರ್, ಇವಳಿಗೆ ಒಂಥರಾ ಆಗ್ತಿದೆಯಂತೆ."

ಘಾಟಿ ರಸ್ತೆಯ ಕಂಡಕ್ಟರುಗಳಿಗೆ ಇದು ಹೊಸದಲ್ಲ. "ವಾಂತಿ ಬರೋರು ಯಾರಮ್ಮಾ? ಮುಂದೆ ಬನ್ನಿ" ಎನ್ನುತ್ತ ಅವರು ಪ್ಲಾಸ್ಟಿಕ್ ಕವರ್ ಹಂಚುತ್ತಾರೆ. ಅವರು ಓದಿದ್ದು ಎಷ್ಟೇ ಇರಲಿ, 'ಮುಂದೆ ಬನ್ನಿ' ಎಂಬ ಆ ಮಾತಿನಲ್ಲಿ ಒಳ್ಳೆಯ ವಿಜ್ಞಾನವಿದೆ.

ಕಿವಿಯೊಳಗಿನ ರಸಮಟ್ಟ

ಹೊಟ್ಟೆ ತೊಳಸುವುದು ಬಸ್ಸಿನಲ್ಲಾದರೂ ಗಲಾಟೆ ಹುಟ್ಟುವುದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ. ಗೋಡೆ ಕಟ್ಟುವ ಮೇಸ್ತ್ರಿಯ ಬಳಿ ರಸಮಟ್ಟ ಇರುವಂತೆ ನಮ್ಮ ಒಳಗಿವಿಯಲ್ಲೂ ದೇಹದ ಸಮತೋಲ ಅಳೆಯುವ ಸಾಧನವೊಂದಿದೆ. ಅದರಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳು ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ನಿಂತಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಆದರೆ ಒಳಗಿನ ದ್ರವ ಜಡತ್ವದಿಂದಾಗಿ ಸ್ವಲ್ಪ ಹಿಂದುಳಿಯುತ್ತದೆ. ಈ ವ್ಯತ್ಯಾಸಕ್ಕೆ ಅಲ್ಲಿನ ಸೂಕ್ಷ್ಮ ರೋಮಗಳು ಬಾಗಿ, 'ತಲೆ ಇಂಥ ದಿಕ್ಕಿಗೆ ತಿರುಗುತ್ತಿದೆ' ಎಂದು ಮಿದುಳಿಗೆ ಸುದ್ದಿ ಕಳಿಸುತ್ತವೆ. ಪಕ್ಕದಲ್ಲೇ ಇರುವ ಎರಡು ಪುಟ್ಟ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿವೆ. ಬಸ್ಸು ಬ್ರೇಕ್ ಹಾಕಿದರೆ, ವೇಗ ಹೆಚ್ಚಿಸಿದರೆ, ಹಳ್ಳಕ್ಕಿಳಿದು ಎದ್ದರೆ ಈ ಹರಳುಗಳು ಸರಿದು ಆ ಸುದ್ದಿಯನ್ನೂ ಮುಟ್ಟಿಸುತ್ತವೆ.

ಇದನ್ನು ಮನೆಯಲ್ಲೇ ನೋಡಬಹುದು. ಗಾಜಿನ ಲೋಟದ ತುಂಬ ನೀರು ತುಂಬಿ, ಮೇಲೆ ಚಿಟಿಕೆ ಟೀ ಪುಡಿ ಉದುರಿಸಿ. ಲೋಟವನ್ನು ಮೇಜಿನ ಮೇಲಿಟ್ಟು ಥಟ್ಟನೆ ತಿರುಗಿಸಿ. ಲೋಟ ತಿರುಗಿದರೂ ಪುಡಿ ಮೊದಲು ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ನಿಧಾನವಾಗಿ ಸುತ್ತತೊಡಗುತ್ತದೆ. ಈಗ ಲೋಟವನ್ನು ನಿಲ್ಲಿಸಿ, ನೀರು ಮಾತ್ರ ಸುತ್ತುತ್ತಲೇ ಇರುತ್ತದೆ. ಅಂಗಳದಲ್ಲಿ ಗಿರ್ರನೆ ಸುತ್ತಿ ನಿಂತ ಮಗುವಿಗೆ ಮನೆಯೇ ಸುತ್ತಿದಂತೆ ಕಾಣುವುದಕ್ಕೂ ಇದೇ ಕಾರಣ.

ಇಳಿಯುವಾಗ ಕಿವಿ ಗುಂಯ್‌ಗುಟ್ಟಿ ಮುಚ್ಚಿದಂತಾಗುವುದು ಮಾತ್ರ ಬೇರೆ ಸಂಗತಿ. ಕೆಳಗಿಳಿದಂತೆ ಹೊರಗಿನ ಗಾಳಿಯ ಒತ್ತಡ ಹೆಚ್ಚಿ ಕಿವಿಯ ತಮಟೆ ಒಳಕ್ಕೆ ತಳ್ಳಲ್ಪಡುತ್ತದೆ. ಎಂಜಲು ನುಂಗಿದರೆ ಅಥವಾ ಆಕಳಿಸಿದರೆ ಗಂಟಲಿನಿಂದ ಕಿವಿಗಿರುವ ನಾಳ ತೆರೆದು ಒತ್ತಡ ಸಮನಾಗುತ್ತದೆ. ಹುಳಿಮಿಠಾಯಿ ಚೀಪಿದರೆ ಕಿವಿ ಬಿಟ್ಟುಕೊಳ್ಳುವುದು ಇದರಿಂದಲೇ.

ಕಣ್ಣಿನದೊಂದು ಮಾತು, ಕಿವಿಯದೊಂದು ಮಾತು

ಎದ್ದು ನಡೆಯುವಾಗ ಕಣ್ಣು, ಕಿವಿ, ಪಾದ ಮೂರೂ ಮಿದುಳಿಗೆ ಒಂದೇ ವರದಿ ಕೊಡುತ್ತವೆ. ಘಾಟಿಯಲ್ಲಿ ಹಾಗಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ಹುಡುಗಿ ಮೊಬೈಲು ನೋಡುತ್ತಿದ್ದಾಳೆ ಎನ್ನಿ. ಅವಳ ಕಣ್ಣಿಗೆ ಪರದೆ ಅಲುಗದೆ ನಿಂತಿದೆ, ಮುಂದಿನ ಸೀಟಿನ ಬೆನ್ನೂ ನಿಂತಿದೆ. ಹಾಗಾಗಿ ಕಣ್ಣು ಹೇಳುತ್ತದೆ, 'ನಾವು ಕುಳಿತಿದ್ದೇವೆ.' ಕಿವಿ ಹೇಳುತ್ತದೆ, 'ಇಲ್ಲ, ಎಡಕ್ಕೆ ತಿರುಗಿದೆವು, ಕೆಳಗಿಳಿದೆವು, ಈಗ ಬಲಕ್ಕೆ ತಿರುಗುತ್ತಿದ್ದೇವೆ.' ಈ ಎರಡು ಸಾಕ್ಷಿಗಳ ವಿರೋಧದಲ್ಲಿ ಮಿದುಳು ಗಲಿಬಿಲಿಗೊಳ್ಳುತ್ತದೆ. ಪ್ರಯಾಣದ ವಾಂತಿಗೆ ವಿಜ್ಞಾನಿಗಳು ಹೆಚ್ಚಾಗಿ ಒಪ್ಪಿರುವ ವಿವರಣೆ ಇದೇ.

ಒಳಗಿವಿಯೇ ಇದರ ಮೂಲ ಎಂಬುದಕ್ಕೆ ಹಳೆಯ ಪುರಾವೆಯೂ ಇದೆ. ಹುಟ್ಟು ಕಿವುಡರಲ್ಲಿ ಅನೇಕರಿಗೆ ಎಷ್ಟು ಸುತ್ತಿಸಿದರೂ ತಲೆ ತಿರುಗುವುದಿಲ್ಲವೆಂದು ಅಮೆರಿಕದ ವಿಲಿಯಂ ಜೇಮ್ಸ್ 1882ರಲ್ಲೇ ವರದಿ ಮಾಡಿದ್ದರು. ಒಳಗಿವಿಯ ಸಮತೋಲದ ಅಂಗ ಕೆಲಸ ಮಾಡದವರಿಗೆ ಸಮುದ್ರಯಾನದಲ್ಲೂ ವಾಕರಿಕೆ ಬರುವುದಿಲ್ಲ.

ಇದೇ ಬಸ್ಸನ್ನು ಓಡಿಸುವ ಡ್ರೈವರಿಗೆ ವಾಂತಿ ಬರುವುದು ಬಲು ಅಪರೂಪ. ತಿರುವು ಬರುವ ಮೊದಲೇ ಅವರಿಗೆ ಅದು ಕಾಣುತ್ತದೆ, ಸ್ಟೇರಿಂಗ್ ತಿರುಗಿಸುವ ಕೈ ಅವರದೇ. ಹೀಗಾಗಿ ಮುಂದೆ ಏನಾಗಲಿದೆಯೆಂದು ಮಿದುಳಿಗೆ ಮೊದಲೇ ಗೊತ್ತು. ಮುಂದೆ ಕುಳಿತು ದೂರದ ರಸ್ತೆ ನೋಡುವವರಿಗೂ ಈ ಅನುಕೂಲದಲ್ಲಿ ಸ್ವಲ್ಪ ಪಾಲು ಸಿಗುತ್ತದೆ. ಕಂಡಕ್ಟರರ ಮಾತಿನ ಮರ್ಮ ಇಷ್ಟೇ.

ವಿಷವೆಂಬ ಅನುಮಾನ

ಕಣ್ಣು ಕಿವಿಗಳ ಜಗಳಕ್ಕೆ ಹೊಟ್ಟೆಗೇಕೆ ಶಿಕ್ಷೆ? 1977ರಲ್ಲಿ ಟ್ರೀಸ್‌ಮನ್ ಎಂಬ ವಿಜ್ಞಾನಿ ಇದಕ್ಕೊಂದು ಕುತೂಹಲಕರ ಉತ್ತರ ಮುಂದಿಟ್ಟರು. ಆದಿಮಾನವನಿಗೆ ಬಸ್ಸಿರಲಿಲ್ಲ, ಹಡಗಿರಲಿಲ್ಲ. ಕಣ್ಣು ಕಿವಿಗಳ ಲೆಕ್ಕ ತಪ್ಪುತ್ತಿದ್ದುದು ವಿಷದ ಕಾಯಿಯನ್ನೋ ಅಣಬೆಯನ್ನೋ ತಿಂದಾಗ. ಆಗ ಉಳಿಯುವ ದಾರಿ ಒಂದೇ, ತಿಂದದ್ದನ್ನು ಹೊರಹಾಕುವುದು. ಆ ಹಳೆಯ ಎಚ್ಚರಿಕೆ ಇಂದಿನ ಘಾಟಿಯಲ್ಲೂ ತಪ್ಪಾಗಿ ಮೊಳಗುತ್ತದೆ ಎಂಬುದು ಅವರ ಊಹೆ. ಇದನ್ನು ಎಲ್ಲರೂ ಒಪ್ಪಿಲ್ಲವಾದರೂ ವಾಂತಿಯೆಂಬುದು ಮೂಲತಃ ರೋಗವಲ್ಲ, ದೇಹದ ಕಾವಲು ಎಂಬುದರಲ್ಲಿ ಸಂಶಯವಿಲ್ಲ.

ಈ ಕಾವಲಿನ ಠಾಣೆ ಇರುವುದು ಮಿದುಳಿನ ಬುಡದಲ್ಲಿ, ಮೆಡುಲ್ಲಾ ಎಂಬ ಭಾಗದಲ್ಲಿ. ಅಲ್ಲಿಗೆ ನಾಲ್ಕು ಕಡೆಯಿಂದ ದೂರು ಬರುತ್ತದೆ. ಮೊದಲನೆಯದು ಒಳಗಿವಿಯಿಂದ. ಎರಡನೆಯದು ಜಠರ ಮತ್ತು ಕರುಳಿನಿಂದ. ಹಳಸಿದ ಅನ್ನ ತಿಂದಾಗ ಕರುಳಿನ ಕೋಶಗಳು ಸೆರೊಟೊನಿನ್ ಸ್ರವಿಸಿ, ವೇಗಸ್ ನರದ ಮೂಲಕ ಸುದ್ದಿ ಮುಟ್ಟಿಸುತ್ತವೆ. ಮೂರನೆಯದು ರಕ್ತದಲ್ಲಿನ ವಿಷವನ್ನು ನೇರವಾಗಿ ರುಚಿ ನೋಡುವ ಮಿದುಳಿನ ಒಂದು ಚುಕ್ಕೆಯಿಂದ. ನಾಲ್ಕನೆಯದು ಮೇಲಿನ ಮಿದುಳಿನಿಂದ, ಅಂದರೆ ವಾಸನೆ, ಭಯ, ನೆನಪುಗಳಿಂದ. ಪಕ್ಕದವರು ವಾಂತಿ ಮಾಡಿದರೆ ತನಗೂ ಬರುವುದು, ಬಸ್ ನಿಲ್ದಾಣದ ಡೀಸೆಲ್ ವಾಸನೆಗೇ ಕೆಲವರ ಬಾಯಲ್ಲಿ ನೀರೂರುವುದು ಈ ನಾಲ್ಕನೆಯ ದಾರಿಯಿಂದ.

ವಾಂತಿಗೆ ಮುನ್ನ ಮುಖ ಬಿಳುಚುತ್ತದೆ, ತಣ್ಣನೆಯ ಬೆವರು, ಆಕಳಿಕೆ, ಬಾಯಿ ತುಂಬ ಜೊಲ್ಲು. ಬರಲಿರುವ ಆಮ್ಲದಿಂದ ಹಲ್ಲುಗಳನ್ನು ಕಾಪಾಡಲು ಜೊಲ್ಲು ನೆರವಾಗುತ್ತದೆ. ಬಳಿಕ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ಹಿಂಡುತ್ತವೆ, ಅನ್ನನಾಳದ ಕೆಳಬಾಗಿಲು ಸಡಿಲವಾಗುತ್ತದೆ. ಜಠರ ಇಲ್ಲಿ ಹಿಂಡಿಸಿಕೊಳ್ಳುವ ಚೀಲ ಮಾತ್ರ. ಹಿಂಡುವ ಕೆಲಸ ಸುತ್ತಲಿನ ಸ್ನಾಯುಗಳದು.

ನಾಚಿಕೆಪಡುವ ಸಂಗತಿಯಲ್ಲ

ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಕಡಿಮೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚು, ಒಂಬತ್ತು-ಹತ್ತರ ಆಸುಪಾಸಿನಲ್ಲಿ ಅತಿ ಹೆಚ್ಚು, ಆಮೇಲೆ ಕ್ರಮೇಣ ಇಳಿಮುಖ. ಹುಡುಗರಿಗಿಂತ ಹುಡುಗಿಯರಲ್ಲಿ, ಅರೆತಲೆನೋವು ಇರುವವರಲ್ಲಿ ಜಾಸ್ತಿ. ಅಂದರೆ ಶಾಲಾ ಪ್ರವಾಸದ ವಯಸ್ಸೂ ವಾಂತಿಯ ವಯಸ್ಸೂ ಒಂದೇ!

ಹಾಗಾಗಿಯೇ ಪ್ರತಿ ತರಗತಿಯಲ್ಲೂ "ನಮ್ಮ ಮಗೂಗೆ ಬಸ್ಸು ಆಗಿಬರಲ್ಲ, ಬಿಟ್ಟುಬಿಡಿ ಮೇಷ್ಟ್ರೇ" ಎನ್ನುವ ತಂದೆ ತಾಯಿ ಇರುತ್ತಾರೆ. ಬಂದ ಮಕ್ಕಳಲ್ಲೂ ವಾಂತಿ ಮಾಡಿದವರಿಗೆ ಅಡ್ಡಹೆಸರು ಅಂಟಿಕೊಳ್ಳುತ್ತದೆ, ಮುಂದಿನ ವರ್ಷ ಅವರೇ ಬರಲೊಲ್ಲರು. ಪುಸ್ತಕದಲ್ಲಿ ಓದಿದ ಮಳೆಕಾಡನ್ನೂ ಕಡಲನ್ನೂ ಕಣ್ಣಾರೆ ಕಾಣುವ ಒಂದೇ ಅವಕಾಶ ಹೀಗೆ ಕೈತಪ್ಪುತ್ತದೆ.

ಅಂಥ ಮಕ್ಕಳಿಗೆ ಹೇಳಬೇಕಾದ ಹೆಸರುಗಳಿವೆ. 1831ರಿಂದ 1836ರವರೆಗೆ 'ಬೀಗಲ್' ಹಡಗಿನಲ್ಲಿ ಜಗತ್ತು ಸುತ್ತಿದ ಚಾರ್ಲ್ಸ್ ಡಾರ್ವಿನ್ ಆ ಐದು ವರ್ಷವೂ ಕಡಲ ವಾಕರಿಕೆಯಿಂದ ನರಳಿದರು. ಬ್ರಿಟಿಷ್ ನೌಕಾಪಡೆಯ ಮಹಾವೀರ ನೆಲ್ಸನ್‌ಗೂ ಅದೇ ಕಾಟ. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಷ್ಯದ ಗೆರ್ಮನ್ ಟಿಟೋವ್ ಅಲ್ಲಿ ವಾಂತಿ ಮಾಡಿದ ಮೊದಲಿಗರು. ಇಂದಿಗೂ ಗಗನಯಾತ್ರಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮೊದಲ ಒಂದೆರಡು ದಿನ ಹೊಟ್ಟೆ ತೊಳಸುತ್ತದೆ. ಅವರ ಮಿದುಳು ಹೊಸ ಸ್ಥಿತಿಗೆ ಹೊಂದಿಕೊಂಡ ಮೇಲೆ ಎಲ್ಲ ಸರಿಹೋಗುತ್ತದೆ. ಮತ್ತೆ ಮತ್ತೆ ಪ್ರಯಾಣ ಮಾಡಿದರೆ ಮಕ್ಕಳಿಗೂ ಅಷ್ಟೇ. ಪ್ರವಾಸ ತಪ್ಪಿಸುವುದರಿಂದ ಈ ಅಭ್ಯಾಸವೇ ತಪ್ಪಿಹೋಗುತ್ತದೆ.

ಹೊರಡುವ ಮುನ್ನ

'ವಾಂತಿಯಾಗುತ್ತದೆ, ಏನೂ ತಿನ್ನಬೇಡ' ಎಂದು ಮಗುವನ್ನು ಉಪವಾಸ ಹೊರಡಿಸುವುದು ತಪ್ಪು. ಬರಿಹೊಟ್ಟೆಯಲ್ಲೂ ವಾಕರಿಕೆ ಬರುತ್ತದೆ, ಸಾಲದೆಂಬಂತೆ ನಿತ್ರಾಣವೂ ಆಗುತ್ತದೆ. ಘಾಟಿಗೆ ಒಂದೆರಡು ಗಂಟೆ ಮೊದಲು ಎರಡು ಇಡ್ಲಿಯಂಥ ಹಗುರ ಆಹಾರ ಸಾಕು. ಪೂರಿ, ಬೋಂಡಾ, ಎಣ್ಣೆ ತೇಲುವ ಪಲ್ಯ ಬೇಡ.

ಬಸ್ಸಿನಲ್ಲಿ ಮುಂದಿನ ಸೀಟು ಉತ್ತಮ, ಹಿಂದಿನ ಚಕ್ರದ ಮೇಲಿನ ಸೀಟು ಅಧಮ. ಕಣ್ಣು ದೂರದ ರಸ್ತೆಯ ಮೇಲಿರಲಿ ಅಥವಾ ಮುಚ್ಚಿರಲಿ. ತಲೆ ಸೀಟಿಗೆ ಒರಗಿರಲಿ. ಪುಸ್ತಕ, ಮೊಬೈಲು ಚೀಲದೊಳಗಿರಲಿ. ಕಿಟಕಿಯಿಂದ ಗಾಳಿ ಬರಲಿ. ಎಣಿಸಿಕೊಂಡು ನಿಧಾನವಾಗಿ ಉಸಿರಾಡುವುದು, ಇಷ್ಟದ ಹಾಡು ಕೇಳುವುದು ಸಹ ವಾಕರಿಕೆಯನ್ನು ತಗ್ಗಿಸುತ್ತದೆ.

ನಿಂಬೆಹಣ್ಣು ಮೂಸುವುದು ಡೀಸೆಲ್ ವಾಸನೆಯನ್ನಾದರೂ ಮರೆಸುತ್ತದೆ. ಶುಂಠಿಯಿಂದ ಕೆಲವರಿಗೆ ಉಪಶಮನ ಸಿಕ್ಕಿದೆ, ಪ್ರಯೋಗಗಳ ಫಲಿತಾಂಶ ಮಾತ್ರ ಒಂದೇ ಸಮನಾಗಿಲ್ಲ. ಸೀಟಿನ ಮೇಲೆ ದಿನಪತ್ರಿಕೆ ಹಾಸಿ ಕುಳಿತರೆ ವಾಂತಿ ಬರುವುದಿಲ್ಲವೆಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ಆದರೂ ಕೆಲವರಿಗೆ ಅದು ಫಲ ಕೊಟ್ಟಂತೆ ತೋರುವುದುಂಟು. ಮೇಲಿನ ಮಿದುಳಿನ ಆ ನಾಲ್ಕನೆಯ ದಾರಿಯಲ್ಲಿ ಭಯ ಹೋಗುವಂತೆ ಧೈರ್ಯವೂ ಹೋಗಬಲ್ಲದು!

ಒಂದು ಎಚ್ಚರಿಕೆ ಮಾತ್ರ ಎಲ್ಲಕ್ಕಿಂತ ದೊಡ್ಡದು. ಚಲಿಸುವ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಬಾರದು. ಎದುರಿನ ವಾಹನ ತಗುಲಿ ಜೀವ ಕಳೆದುಕೊಂಡ ಪ್ರಸಂಗಗಳು ನಡೆದಿವೆ. ಆಗುಂಬೆಯ ತಿರುವುಗಳಂತೂ ತೀರ ಇಕ್ಕಟ್ಟು. ಅದಕ್ಕೇ ಇಲ್ಲಿ ಮೊದಲಿನಿಂದಲೂ ಮಿನಿ ಬಸ್ಸುಗಳದೇ ಓಡಾಟ. ಮಳೆಗಾಲದಲ್ಲಿ ಭಾರಿ ವಾಹನಗಳನ್ನು ತಡೆಯುವುದೂ ಉಂಟು. ದೊಡ್ಡ ಬಸ್ಸಿನಲ್ಲಿ ಬರುವವರು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಪ್ರತಿ ಮಗುವಿನ ಕೈಗೂ ಒಂದು ಗಟ್ಟಿ ಕವರ್ ಕೊಟ್ಟು, ಅದನ್ನು ಕಾಡಿಗೆ ಎಸೆಯದೆ ಕಟ್ಟಿಟ್ಟುಕೊಳ್ಳಲು ಹೇಳಬೇಕು.

ಮಾತ್ರೆಯ ಕಥೆ

1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಮೈಮೇಲೆ ಪಿತ್ತದ ಗಂಧೆ ಏಳುತ್ತಿದ್ದ ಹೆಂಗಸೊಬ್ಬರು ಬಂದರು. ವೈದ್ಯರಾದ ಲೆಸ್ಲಿ ಗೇ ಮತ್ತು ಪಾಲ್ ಕಾರ್ಲಿನರ್ ಅವರಿಗೆ ಅಲರ್ಜಿಯ ಹೊಸದೊಂದು ಔಷಧ ಕೊಟ್ಟರು. ಕೆಲ ದಿನಗಳಲ್ಲಿ ಆಕೆ ಅಚ್ಚರಿಯ ಸುದ್ದಿ ತಂದರು. ಟ್ರಾಮಿನಲ್ಲಿ ಬರುವಾಗ ಯಾವಾಗಲೂ ಕಾಡುತ್ತಿದ್ದ ವಾಕರಿಕೆ ಈ ಮಾತ್ರೆ ನುಂಗಿದ ದಿನ ಇರಲಿಲ್ಲ! ವೈದ್ಯರು ಅದೇ ವರ್ಷದ ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಸೇನಾ ಹಡಗಿನಲ್ಲಿ ಸೈನಿಕರ ಮೇಲೆ ಅದನ್ನು ಪರೀಕ್ಷಿಸಿದರು. ಡೈಮೆನ್‌ಹೈಡ್ರಿನೇಟ್ ಎಂಬ ಮಾತ್ರೆ ಲೋಕಪ್ರಸಿದ್ಧವಾದದ್ದು ಹೀಗೆ. ಪ್ರೊಮೆಥಜೀನ್, ಸಿನ್ನಾರಿಜಿನ್ ಮುಂತಾದವೂ ಇದೇ ಬಳಗದವು.

ಇವುಗಳ ವಿಷಯದಲ್ಲಿ ಮೂರು ಮಾತು ನೆನಪಿಡಬೇಕು. ಘಾಟಿಗೆ ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಬೇಕು. ವಾಕರಿಕೆ ಶುರುವಾದ ಮೇಲೆ ಜಠರದ ಚಲನೆ ನಿಧಾನವಾಗಿ ಮಾತ್ರೆ ರಕ್ತಕ್ಕೆ ಸೇರುವುದೇ ತಡವಾಗುತ್ತದೆ. ಎರಡನೆಯದಾಗಿ, ಇವು ನಿದ್ದೆ ಬರಿಸುತ್ತವೆ, ಆದ್ದರಿಂದ ಡ್ರೈವರು ನುಂಗಬಾರದು. ಮೂರನೆಯದಾಗಿ, ಮಕ್ಕಳಿಗೆ ವಯಸ್ಸು ತೂಕ ನೋಡಿ ವೈದ್ಯರೇ ಪ್ರಮಾಣ ಹೇಳಬೇಕು. ಪ್ರೊಮೆಥಜೀನನ್ನು ಎರಡು ವರ್ಷದೊಳಗಿನ ಕೂಸಿಗೆ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆಯಾಗಬಹುದು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ವರವಾಗಿ ಬಂದ ಆಂಡಾನ್ಸೆಟ್ರಾನ್ ಕರುಳಿನ ಸೆರೊಟೊನಿನ್ ದಾರಿಯನ್ನು ತಡೆಯುತ್ತದೆ. ಕಿವಿಯ ದಾರಿಗೆ ಅದು ಅಷ್ಟಾಗಿ ನಾಟುವುದಿಲ್ಲ. ವಾಂತಿಯ ಮಾತ್ರೆ ಎಂದರೆ ಎಲ್ಲವೂ ಒಂದೇ ಅಲ್ಲ.

ವಾಂತಿಯಾದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು. ಆಮ್ಲ ತಾಗಿ ಮೆದುವಾದ ಹಲ್ಲನ್ನು ಕೂಡಲೇ ಬ್ರಷ್ಷಿನಿಂದ ಉಜ್ಜಬಾರದು. ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ನೀರು ಕೊಡಬೇಕು, ಒಂದೇ ಸಲ ಲೋಟ ಖಾಲಿ ಮಾಡಿದರೆ ಮತ್ತೆ ವಾಂತಿ ಖಚಿತ. ಪದೇ ಪದೇ ಆದರೆ ಓಆರ್‌ಎಸ್ ಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇಂಥ ದ್ರಾವಣದಿಂದಲೇ ಕಾಲರಾ ರೋಗಿಗಳ ಪ್ರಾಣ ಉಳಿಸಿದರು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ತಪ್ಪು ಬಸ್ಸಿನದಲ್ಲದಾಗ

ಬಸ್ಸು ನಿಂತು, ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿ, ಸ್ವಲ್ಪ ಹೊತ್ತು ಕಳೆದರೆ ಪ್ರಯಾಣದ ವಾಂತಿ ಅಡಗುತ್ತದೆ. ಅಡಗದಿದ್ದರೆ 'ಘಾಟಿ ವಾಂತಿ, ಸರಿಹೋಗುತ್ತೆ' ಎಂದು ಕೂರಬಾರದು. ಒಂದೇ ಬುತ್ತಿ ಉಂಡ ನಾಲ್ಕಾರು ಮಕ್ಕಳಿಗೆ ಒಟ್ಟಿಗೆ ಶುರುವಾದರೆ ಅದು ಊಟದ ದೋಷ. ನಸುಕಿನಲ್ಲಿ ಬಿಸಿಯಾಗಿ ಡಬ್ಬಿಗೆ ತುಂಬಿ ಮಧ್ಯಾಹ್ನ ತೆರೆದ ಚಿತ್ರಾನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಬೆಳೆದು ವಿಷ ಉತ್ಪಾದಿಸಬಲ್ಲದು. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪ್ರವಾಸಕ್ಕೆ ಚಪಾತಿ, ಚಟ್ನಿಪುಡಿಯಂಥ ಒಣ ಬುತ್ತಿಯೇ ಕ್ಷೇಮ.

ವಾಂತಿಯಲ್ಲಿ ರಕ್ತ ಅಥವಾ ಹಸಿರು ಪಿತ್ತ, ತೀವ್ರ ಹೊಟ್ಟೆನೋವು, ತಲೆಗೆ ಪೆಟ್ಟು ಬಿದ್ದ ಮೇಲಿನ ವಾಂತಿ, ಕತ್ತು ಬಗ್ಗದ ಜ್ವರ, ಮಂಪರು, ಆರೆಂಟು ಗಂಟೆ ಮೂತ್ರವೇ ಇಲ್ಲದಿರುವುದು—ಇವುಗಳಲ್ಲಿ ಒಂದು ಕಂಡರೂ ಪ್ರವಾಸ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮಲೆನಾಡಿಗೇ ಸೇರಿದ ಇನ್ನೊಂದು ಮಾತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಪ್ರವಾಸದ ದಿನಗಳಲ್ಲೇ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಥಟ್ಟನೆ ಜ್ವರ, ತಲೆನೋವು, ಮೈಕೈನೋವು, ಜತೆಗೆ ವಾಂತಿ ಬರಬಹುದು. ಊರಿಗೆ ಮರಳಿದ ಮೇಲೆ ಹೀಗಾದರೆ 'ಮಗು ಮಲೆನಾಡಿನ ಕಾಡಿಗೆ ಹೋಗಿತ್ತು' ಎಂದು ವೈದ್ಯರಿಗೆ ಹೇಳಲು ಮರೆಯಬಾರದು. ಕಾಡು ಹೊಕ್ಕುವಾಗ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಇರಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು.

ಸೋಮೇಶ್ವರದಲ್ಲಿ ತಿರುವುಗಳು ಮುಗಿಯುತ್ತವೆ. ಹೆಬ್ರಿ ದಾಟಿದಂತೆ ಗಾಳಿಯಲ್ಲಿ ಸೆಖೆ, ರಸ್ತೆ ಬದಿಗೆ ತೆಂಗು. ಬಿಳುಚಿದ್ದ ಮುಖಗಳಿಗೆ ಬಣ್ಣ ಮರಳಿ, ಅಂತ್ಯಾಕ್ಷರಿ ಬಿಟ್ಟಲ್ಲಿಂದ ಶುರುವಾಗುತ್ತದೆ. ಉಡುಪಿ ಕಳೆದು ಮಲ್ಪೆ ತಲುಪಿದರೆ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಕಾದಿರುತ್ತದೆ. ಅಲ್ಲಿನ ಕಂಬದಂತಹ ಶಿಲೆಗಳು ಭೂವಿಜ್ಞಾನದ ಪಾಠಕ್ಕೆ ಅಪರೂಪದ ಉದಾಹರಣೆ. ವಾಕರಿಕೆಗೆ ಇಂಗ್ಲಿಷಿನಲ್ಲಿರುವ 'ನಾಸಿಯಾ' ಎಂಬ ಹೆಸರು ಬಂದಿರುವುದೇ ಹಡಗು ಎಂಬ ಅರ್ಥದ ಗ್ರೀಕ್ ಪದದಿಂದ. ದೋಣಿ ತೂಗಾಡಿದಾಗ ಅಲೆಗಳನ್ನು ನೋಡದೆ, ನೀರೂ ಬಾನೂ ಕೂಡುವ ಅಲುಗದ ಆ ಗೆರೆಯನ್ನು ನೋಡುತ್ತ ಕುಳಿತರಾಯಿತು. ಘಾಟಿಯಲ್ಲಿ ಕಲಿತ ಪಾಠ ಕಡಲಲ್ಲೂ ನಡೆಯುತ್ತದೆ. ಮುಂದಿನ ಪ್ರವಾಸದ ಪಟ್ಟಿಗೆ ಹೆಸರು ಕೊಡುವಾಗ 'ಬಸ್ಸು ಆಗಿಬರಲ್ಲ' ಎನ್ನುವ ಮಗುವಿಗೆ ಮುಂದಿನ ಸೀಟನ್ನು ಮೊದಲೇ ಕಾದಿರಿಸಿದರೆ ಸಾಕು.